ಅಂಗಡಿಗಳಲ್ಲಿ ಬಾಯಿಪಾಠದ ಮಾತು: ನಿಮಗೂ ಹೀಗೆ ಆಗಿದೆಯಾ?

ಮೈಸೂರಿನವಳು

ಕಳೆದ ತಿಂಗಳು ನಮ್ಮ ತಂದೆ ತೀರಿಕೊಂಡರು. ಹದಿಮೂರನೇ ದಿನದ ದಾನಕ್ಕೆ ಹತ್ತು ಜೊತೆ ಪಂಚೆ ಶಲ್ಯ ಬೇಕಿತ್ತು. ತಮ್ಮ ಕರ್ಮಕ್ಕೆ ಕೂತಿದ್ದ, ಹೊರಗೆ ಬರುವ ಹಾಗಿರಲಿಲ್ಲ. ಅದಕ್ಕೆ ನಾನು, ಚಿಕ್ಕಪ್ಪ ಇಬ್ಬರೂ ಒಂದು ದೊಡ್ಡ ಬಟ್ಟೆ ಅಂಗಡಿಗೆ ಹೋದೆವು. ಚಿಕ್ಕಪ್ಪನೂ ತಲೆ ಬೋಳಿಸಿದ್ದರು. ಮೀಸೆಯೂ ಇರಲಿಲ್ಲ. ನೋಡಿದವರಿಗೆ ವಿಷಯ ಏನೆಂದು ಹೇಳಬೇಕಾಗಿರಲಿಲ್ಲ.

ಬಾಗಿಲಲ್ಲೇ ಒಬ್ಬ ಹುಡುಗ ಕೈ ಮುಗಿದ. "ವೆಲ್‌ಕಂ ಸರ್, ವೆಲ್‌ಕಂ ಮೇಡಂ, ಯಾವ ಫಂಕ್ಷನ್‌ಗೆ ನೋಡ್ತಿದೀರಾ?" ಚಿಕ್ಕಪ್ಪ ಮೆಲ್ಲಗೆ ಹೇಳಿದರು: "ನಮ್ಮಣ್ಣ ಹೋಗ್ಬಿಟ್ರಪ್ಪ. ದಾನಕ್ಕೆ ಪಂಚೆ ಬೇಕು." ಹುಡುಗ ಒಂದು ಕ್ಷಣವೂ ನಿಲ್ಲಲಿಲ್ಲ. "ಓಕೆ ಸರ್, ಫಸ್ಟ್ ಫ್ಲೋರ್‌ನಲ್ಲಿ ಮೆನ್ಸ್ ಎತ್ನಿಕ್ ಇದೆ, ಇವತ್ತು ವೆಡ್ಡಿಂಗ್ ಕಲೆಕ್ಷನ್ ಮೇಲೆ 20 ಪರ್ಸೆಂಟ್ ಆಫರ್ ಇದೆ ಸರ್."

ಬಿಲ್ ಹಾಕುವಾಗ ಇನ್ನೂ ಕಷ್ಟವಾಯಿತು. ಕೌಂಟರ್‌ನಲ್ಲಿದ್ದ ಹುಡುಗಿ ಮೊಬೈಲ್ ನಂಬರ್ ಕೇಳಿದಳು. ಹುಟ್ಟಿದ ದಿನ ಕೇಳಿದಳು. ಮದುವೆ ಆದ ದಿನ ಕೇಳಿದಳು, ಆ ದಿನ ಆಫರ್ ಬರುತ್ತದಂತೆ. ಇನ್ನು 640 ರೂಪಾಯಿಗೆ ತಗೊಂಡರೆ ಲಕ್ಕಿ ಕೂಪನ್ ಎಂದಳು. ಕೊನೆಗೆ ಚೀಲ ಕೈಗೆ ಕೊಟ್ಟು, "ಥ್ಯಾಂಕ್ಯೂ ಸರ್, ಹ್ಯಾಪಿ ಶಾಪಿಂಗ್, ಮತ್ತೆ ಮತ್ತೆ ಬನ್ನಿ" ಎಂದಳು.

ಚಿಕ್ಕಪ್ಪ ಅಲ್ಲೇ ನಿಂತುಬಿಟ್ಟರು. ಸಾವಿನ ಮನೆಯಿಂದ ಹೊರಡುವಾಗ ನಾವು "ಬರ್ತೀನಿ" ಎನ್ನುವುದಿಲ್ಲ. ಮನೆಯವರೂ "ಬನ್ನಿ" ಎನ್ನುವುದಿಲ್ಲ. ಸುಮ್ನೆ ಎದ್ದು ಹೋಗುತ್ತೇವೆ. ಅಂಥ ಕೆಲಸಕ್ಕೆ ಪಂಚೆ ಕೊಂಡವರಿಗೆ ಮತ್ತೆ ಮತ್ತೆ ಬನ್ನಿ ಎಂದರೆ ಏನು ಮಾಡಬೇಕು? ಕಾರಿನಲ್ಲಿ ಕೂತ ಮೇಲೆ ಚಿಕ್ಕಪ್ಪ ಅತ್ತರು. ಸ್ಮಶಾನದಲ್ಲಿ ಕೂಡ ಅವರು ಅತ್ತಿರಲಿಲ್ಲ.

ನಮ್ಮ ಅಜ್ಜಿ ಹೋದಾಗ ನಂಜನಗೂಡಿನ ಒಂದು ಸಣ್ಣ ಅಂಗಡಿಯಲ್ಲಿ ಬಟ್ಟೆ ತಂದಿದ್ದು ನೆನಪಿದೆ. ಅಂಗಡಿಯವರು ತಾತನ ತಲೆ ನೋಡಿದರು, ಕೂರಿಸಿದರು, "ಎಷ್ಟು ಜೊತೆ ಸ್ವಾಮಿ?" ಅಂತ ಮಾತ್ರ ಕೇಳಿದರು. ಎಣಿಸಿ ಕಟ್ಟಿ ಕೊಟ್ಟರು. ಕಳಿಸುವಾಗ ತಲೆ ಅಲ್ಲಾಡಿಸಿದರು, ಬನ್ನಿ ಅನ್ನಲಿಲ್ಲ. ಅದನ್ನು ಅವರಿಗೆ ಯಾರೂ ಟ್ರೇನಿಂಗ್ ಕೊಟ್ಟು ಕಲಿಸಿರಲಿಲ್ಲ.

ಮನೆ ತಲುಪುವಷ್ಟರಲ್ಲಿ ಮೊಬೈಲಿಗೆ ಮೆಸೇಜ್ ಬಂತು, ನಮ್ಮ ಸೇವೆ ಹೇಗಿತ್ತು ಅಂತ. ಸಿಟ್ಟಿನಲ್ಲಿ ಒಂದು ಸ್ಟಾರ್ ಕೊಟ್ಟು, ಮನಸ್ಸಿಗೆ ಬಂದದ್ದೆಲ್ಲ ಬರೆದೆ. ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದೆಯಾ? ಎದುರಿಗಿರುವ ಮನುಷ್ಯನ ಮುಖ ನೋಡಬೇಡಿ ಅಂತ ಈ ಮಕ್ಕಳಿಗೆ ಯಾರು ಹೇಳಿಕೊಟ್ಟರು?

ಹುಬ್ಬಳ್ಳಿ ಹುಡುಗ

ಅಕ್ಕಾ, ಓದಿ ಬಹಳ ಸಂಕಟವಾಯಿತು. ತಂದೆಯವರ ಆತ್ಮಕ್ಕೆ ಶಾಂತಿ ಸಿಗಲಿ.

ನಮ್ಮ ಕಡೆ ಅಂಗಡಿಗೆ ಹೋದರೆ "ಬರ್ರಿ, ಕುಂದರ್ರಿ, ಚಾ ತರಸ್ಲೇನ್ರಿ" ಎನ್ನುತ್ತಾರೆ. ಅದೂ ದಿನಾ ಹೇಳುವ ಮಾತೇ. ಆದರೆ ಬೇಡ ಅಂದರೆ "ಯಾಕ್ರಿ, ಆರಾಮ ಇಲ್ಲೇನು?" ಎಂದು ಮುಂದಿನ ಮಾತು ಬರುತ್ತದೆ. ಈ ಹೊಸ ಅಂಗಡಿಗಳಲ್ಲಿ ಬೇಡ ಅಂದರೆ ಮುಂದಿನ ಆಫರ್ ಬರುತ್ತದೆ.

ಒಂದು ವಿಷಯ ಎಲ್ಲರಿಗೂ ಗೊತ್ತಿರಲಿ. ಬಿಲ್ ಹಾಕಲು ಮೊಬೈಲ್ ನಂಬರ್ ಕೊಡಲೇಬೇಕು ಎಂದು ಒತ್ತಾಯ ಮಾಡಬಾರದು ಅಂತ 2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ. "ನಂಬರ್ ಕೊಡಲ್ಲ, ಬಿಲ್ ಹಾಕಿ" ಎಂದರೆ ಸಾಕು. ತೊಂದರೆ ಕೊಟ್ಟರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಕೌಂಟರ್ ನಾಲ್ಕು

ನಾನು ಬೆಂಗಳೂರಿನ ಒಂದು ದೊಡ್ಡ ಸೂಪರ್‌ಮಾರ್ಕೆಟ್‌ನಲ್ಲಿ ಮೂರು ವರ್ಷ ಬಿಲ್ಲಿಂಗ್‌ನಲ್ಲಿದ್ದೆ. ಈಗ ಆ ಕೆಲಸ ಬಿಟ್ಟಿದ್ದೇನೆ. ಯಾರು ಹೇಳಿಕೊಟ್ಟರು ಅಂತ ಮೇಡಂ ಕೇಳಿದ್ದೀರಿ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ನಮಗೆ ಏಳು ವಾಕ್ಯ ಕೊಟ್ಟಿದ್ದರು. ನಮಸ್ಕಾರ ಹೇಳುವುದು, ಮೆಂಬರ್ ಹೌದಾ ಅಂತ ಕೇಳುವುದು, ನಂಬರ್, ಬ್ಯಾಗ್, ಅವತ್ತಿನ ಆಫರ್, ಬಿಲ್ ಎಷ್ಟು ಅಂತ ಜೋರಾಗಿ ಹೇಳುವುದು, ಕೊನೆಗೆ ಥ್ಯಾಂಕ್ಯೂ. ಕಂಪ್ಯೂಟರ್ ಪಕ್ಕದಲ್ಲೇ ಚೀಟಿ ಅಂಟಿಸಿದ್ದರು. ಬೆಳಿಗ್ಗೆ ಬ್ರೀಫಿಂಗ್‌ನಲ್ಲಿ ಎಲ್ಲರೂ ಒಟ್ಟಿಗೆ ಹೇಳಬೇಕು, ಶಾಲೆಯಲ್ಲಿ ಮಗ್ಗಿ ಹೇಳುವ ಹಾಗೆ.

ತಿಂಗಳಿಗೆ ಒಂದೆರಡು ಸಲ ಯಾರೋ ಒಬ್ಬರು ಗಿರಾಕಿಯ ವೇಷದಲ್ಲಿ ಬರುತ್ತಾರೆ. ಮಿಸ್ಟರಿ ಶಾಪರ್ ಅಂತ. ಯಾರು, ಯಾವಾಗ ಅಂತ ಗೊತ್ತಾಗುವುದಿಲ್ಲ. ಏಳರಲ್ಲಿ ಎಷ್ಟು ಹೇಳಿದೆವು ಅಂತ ಅವರು ಮಾರ್ಕ್ ಹಾಕುತ್ತಾರೆ. ನನಗೆ ಒಂದು ಸಲ ಒಂದು ವಾಕ್ಯ ತಪ್ಪಿತು. ಮುಂದೆ ಒಬ್ಬ ಅಜ್ಜಿ ಚಿಲ್ಲರೆ ಎಣಿಸುತ್ತಾ ಕಷ್ಟಪಡುತ್ತಿದ್ದರು, ಕೈ ನಡುಗುತ್ತಿತ್ತು. ನಾನು ಈಚೆ ಬಂದು ಎಣಿಸಿ ಕೊಟ್ಟೆ. ಅವರ ಹಿಂದೆ ನಿಂತಿದ್ದವರೇ ಆ ಮಿಸ್ಟರಿ ಶಾಪರ್. ಅವರ ಸರದಿ ಬಂದಾಗ ಗಡಿಬಿಡಿಯಲ್ಲಿ ಆಫರ್ ಹೇಳಲು ಮರೆತೆ. ಆ ತಿಂಗಳ ಇನ್ಸೆಂಟಿವ್ ಹೋಯಿತು. ಅಜ್ಜಿಗೆ ಎಣಿಸಿ ಕೊಟ್ಟಿದ್ದಕ್ಕೆ ಆ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ಇನ್ನೊಂದು ವಿಷಯ. ದಿನವಿಡೀ ನಿಂತೇ ಇರಬೇಕು. ನಮ್ಮ ರಾಜ್ಯದ 1961ರ ಅಂಗಡಿ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎನ್ನುತ್ತದೆ. ಹಬ್ಬದ ಸೀಸನ್‌ನಲ್ಲಿ ನಮಗೆ ಅದು ಕಾಗದದಲ್ಲಿ ಮಾತ್ರ ಇತ್ತು. ಕೂರಲು ಒಂದು ಸ್ಟೂಲ್ ಸಹ ಇರಲಿಲ್ಲ. ಕೇರಳದಲ್ಲಿ ಕೋಳಿಕೋಡಿನ ಬಟ್ಟೆ ಅಂಗಡಿಗಳ ಹೆಂಗಸರು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಅಲ್ಲಿ ಕಾನೂನು ಬಂತು. 2021ರಲ್ಲಿ ತಮಿಳುನಾಡೂ ಮಾಡಿತು. ಆರು ಗಂಟೆ ನಿಂತ ಮೇಲೆ ಕಾಲು ಊದಿರುತ್ತದೆ. ಆಗ ಬಾಯಿಂದ ಬರುವುದು ಬಾಯಿಪಾಠ ಮಾತ್ರ. ಮುಖ ನೋಡಿ ಮಾತಾಡಲು ತಲೆಯಲ್ಲಿ ಜಾಗವೇ ಉಳಿದಿರುವುದಿಲ್ಲ.

ಮೇಡಂ, ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು ಕೇಳುತ್ತೇನೆ. ನೀವು ಒಂದು ಸ್ಟಾರ್ ಕೊಟ್ಟ ಮೆಸೇಜಿನಲ್ಲಿ ಬಿಲ್ ನಂಬರ್ ಇತ್ತಾ? ಬಿಲ್ಲಿನಲ್ಲಿ ಕ್ಯಾಷಿಯರ್ ಕೋಡ್ ಇರುತ್ತದೆ. ನಮ್ಮಲ್ಲಿ ಆ ಸ್ಟಾರ್ ಕಂಪನಿಗೆ ಹೋಗುತ್ತಿರಲಿಲ್ಲ. ಆ ಹುಡುಗಿಯ ಹೆಸರಿಗೆ ಹೋಗುತ್ತಿತ್ತು.

ಕೋಲಾರದವನು

ನನ್ನ ಅನುಭವ ಬೇರೆ. ಮೈಸೂರಿನ ಸೋದರಿಗೆ ಆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೇ ಅಂಗಡಿಯ ಆತ್ಮೀಯತೆ ಎಲ್ಲರಿಗೂ ಸಿಗುತ್ತಿತ್ತು ಅಂತ ಯಾರೂ ಅಂದುಕೊಳ್ಳಬೇಡಿ.

ನಾವು ದಲಿತರು. ನಮ್ಮಪ್ಪ ಊರಿನ ಬಟ್ಟೆ ಅಂಗಡಿಯ ಜಗಲಿ ಹತ್ತುವ ಹಾಗಿರಲಿಲ್ಲ. ಕೆಳಗೆ ನಿಂತು ಕೇಳಬೇಕಿತ್ತು. ಅಂಗಡಿಯವರು ದೂರದಿಂದ ತೋರಿಸುತ್ತಿದ್ದರು. ಮುಟ್ಟಿ ನೋಡಿದರೆ ಕೊಳ್ಳಲೇಬೇಕು. ಪರಿಚಯದ ಅಂಗಡಿಯವರು ಮುಖ ನೋಡಿಯೇ ಮಾತಾಡುತ್ತಿದ್ದರು, ನಿಜ. ಮುಖ ನೋಡಿ, ಯಾರ ಮಗ ಅಂತ ಕೇಳಿ, ಆಮೇಲೆ ಮಾತು ಯಾವ ಥರ ಇರಬೇಕು ಅಂತ ತೀರ್ಮಾನ ಮಾಡುತ್ತಿದ್ದರು.

ನನಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕ ವರ್ಷ ಅಪ್ಪನನ್ನು ಒಂದು ಮಾಲ್‌ಗೆ ಕರೆದುಕೊಂಡು ಹೋದೆ. ಅಂಗಡಿಯ ಹುಡುಗ "ವೆಲ್‌ಕಂ ಸರ್" ಎಂದ. ಐದು ಷರ್ಟ್ ಬಿಚ್ಚಿ ತೋರಿಸಿದ. ಅಪ್ಪ ಎಲ್ಲ ಮುಟ್ಟಿ ನೋಡಿದರು, ಒಂದೂ ಕೊಳ್ಳಲಿಲ್ಲ. ಆದರೂ ಹುಡುಗ "ಥ್ಯಾಂಕ್ಯೂ ಸರ್, ಮತ್ತೆ ಬನ್ನಿ" ಎಂದ. ಬಸ್ಸಿನಲ್ಲಿ ಅಪ್ಪ ಕೇಳಿದರು, "ಆ ಹುಡ್ಗನಿಗೆ ನಾವ್ಯಾರು ಅಂತ ಗೊತ್ತಿತ್ತೇನೋ?" ಇಲ್ಲ ಅಪ್ಪ ಎಂದೆ. "ಅದಕ್ಕೇ ಚೆನ್ನಾಗಿತ್ತು" ಎಂದರು.

ಎಲ್ಲರಿಗೂ ಒಂದೇ ಏಳು ವಾಕ್ಯ ಅಂದರೆ ನಮ್ಮಂಥವರಿಗೂ ಅದೇ ಏಳು ವಾಕ್ಯ. ಅದನ್ನು ಕಿತ್ತು ಹಾಕಿ ಅಂತ ನಾನು ಹೇಳಲಾರೆ.

ಮೈಸೂರಿನವಳು

ಕೋಲಾರದ ಅಣ್ಣ, ನಿಮ್ಮ ಮಾತನ್ನು ಎರಡು ಸಲ ಓದಿದೆ. ನಂಜನಗೂಡಿನ ಆ ಅಂಗಡಿಯ ಬಗ್ಗೆ ನಾನು ಯಾವತ್ತೂ ಹೀಗೆ ಯೋಚಿಸಿರಲಿಲ್ಲ. ನಮ್ಮ ತಾತನನ್ನು ಕೂರಿಸಿದ ಆ ಬೆಂಚಿನಲ್ಲಿ ಯಾರಿಗೆಲ್ಲ ಜಾಗ ಇತ್ತು ಅಂತ ನನಗೆ ಗೊತ್ತಿಲ್ಲ. ಹೇಳಿದ್ದು ಒಳ್ಳೆಯದಾಯಿತು.

ಕೌಂಟರ್ ನಾಲ್ಕು, ಹೌದು. ಲಿಂಕಿನಲ್ಲಿ ಬಿಲ್ ನಂಬರ್ ಇತ್ತು. ಈಗ ತೆಗೆದು ನೋಡಿದೆ. ಈ ಮಾತಿಗೆ ಆಮೇಲೆ ಬರುತ್ತೇನೆ.

ತುಮಕೂರು ಅಂಗಡಿ

ನನ್ನದು ಪಾತ್ರೆ, ಗೃಹೋಪಯೋಗಿ ಸಾಮಾನಿನ ಮೂರು ಅಂಗಡಿ. ಒಟ್ಟು 26 ಜನ ಕೆಲಸಕ್ಕಿದ್ದಾರೆ. ಮಾತಿನ ಪಟ್ಟಿ ಬರೆದುಕೊಟ್ಟವನು ನಾನೇ. ಯಾಕೆ ಅಂತ ಹೇಳುತ್ತೇನೆ.

ಪಿಯುಸಿ ಮುಗಿಸಿ ಹಳ್ಳಿಯಿಂದ ಬಂದ ಮಕ್ಕಳಿಗೆ ಮೊದಲ ವಾರ ಬಾಯೇ ಬಿಡಲು ಆಗುವುದಿಲ್ಲ. ಗಿರಾಕಿ ಬಂದರೆ ಕಂಬದ ಹಿಂದೆ ಹೋಗಿ ನಿಲ್ಲುತ್ತಾರೆ. ನಾಲ್ಕು ವಾಕ್ಯ ಬರೆದುಕೊಟ್ಟರೆ ಅದನ್ನು ಹಿಡಿದುಕೊಂಡು ನಿಲ್ಲುತ್ತಾರೆ. ಈಜು ಕಲಿಯುವವರಿಗೆ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟುತ್ತಿದ್ದರಲ್ಲ, ಹಾಗೆ. ಈಜು ಬಂದ ಮೇಲೆ ಬುರುಡೆ ಬಿಚ್ಚಬೇಕು. ನಾವು ಬಿಚ್ಚುವುದಿಲ್ಲ, ಅದೇ ನಮ್ಮ ತಪ್ಪು. ಹತ್ತು ವರ್ಷದ ಅನುಭವ ಇರುವವರೂ ಅದೇ ನಾಲ್ಕು ವಾಕ್ಯ ಹೇಳಬೇಕು, ಹೇಳದಿದ್ದರೆ ದಂಡ.

ಕೆಲವು ಮಾತು ಹೇಳಲೇಬೇಕಾದದ್ದು. ಉದಾಹರಣೆಗೆ ಬ್ಯಾಗಿನ ಮಾತು. ಮೊದಲೇ ತಿಳಿಸದೆ ಬಿಲ್ ಕೌಂಟರಿನಲ್ಲಿ ಚೀಲಕ್ಕೆ ದುಡ್ಡು ಹಾಕುವುದು ಅನ್ಯಾಯದ ವ್ಯಾಪಾರ ಅಂತ 2020ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿದೆ. ಹಾಗಾಗಿ ನಮ್ಮ ಹುಡುಗರು ಬ್ಯಾಗ್ ಬೇಕಾ ಅಂತ ಕೇಳಿದರೆ ದಯವಿಟ್ಟು ಸಿಡುಕಬೇಡಿ. ಬೆಲೆ ಹೇಳುವುದೂ ಹಾಗೇ. ಮಿಕ್ಕಿದ್ದು, ಅಂದರೆ ಆಫರ್, ಮೆಂಬರ್, ಮದುವೆ ದಿನ, ಇವು ಯಾವುದೂ ಗಿರಾಕಿಗಾಗಿ ಇರುವುದಲ್ಲ. ಮಾರಾಟಕ್ಕೆ ಇರುವುದು. ಅದನ್ನು ಸೇವೆ ಅಂತ ಕರೆಯುತ್ತಾ ಬಂದಿದ್ದೇವೆ, ನಾನೂ ಕರೆದಿದ್ದೇನೆ.

ಈ ಚರ್ಚೆ ಓದಿದ ಮೇಲೆ ನಿನ್ನೆ ನಮ್ಮ ಹಿರಿಯ ಹುಡುಗಿಯನ್ನು ಕೇಳಿದೆ, ಯಾವ ವಾಕ್ಯ ಹೇಳಲು ನಿನಗೆ ಕಷ್ಟ ಅಂತ. ಉತ್ತರ ತಕ್ಷಣ ಬಂತು: "ಬೇಡ ಅಂದವರಿಗೆ ಎರಡನೇ ಸಲ ಕೇಳೋದು ಸಾರ್." ಎರಡನೇ ಸಲ ಕೇಳುವ ನಿಯಮವನ್ನು ಇವತ್ತಿನಿಂದ ತೆಗೆದಿದ್ದೇನೆ.

ಐಂಡ್‌ಹೋವನ್ ಕನ್ನಡತಿ

ನಾನು ನೆದರ್‌ಲ್ಯಾಂಡ್ಸ್‌ನಲ್ಲಿ ಇದ್ದೇನೆ. ಇಲ್ಲಿಯ ಸೂಪರ್‌ಮಾರ್ಕೆಟ್‌ನಲ್ಲೂ ಕ್ಯಾಷಿಯರ್ ಹೇಳುವುದು ಅದದೇ ಮೂರು ಮಾತು: ನಮಸ್ಕಾರ, ಬಿಲ್ ಬೇಕಾ, ನಿಮ್ಮ ದಿನ ಚೆನ್ನಾಗಿರಲಿ. ಬಂದ ಹೊಸತರಲ್ಲಿ ನನಗೆ ಅದೇ ಆಸರೆ ಆಗಿತ್ತು. ಭಾಷೆ ಬರುತ್ತಿರಲಿಲ್ಲ, ಆದರೆ ಏನು ಕೇಳುತ್ತಾರೆ ಅಂತ ಮೊದಲೇ ಗೊತ್ತಿತ್ತು.

ಇಲ್ಲೊಂದು ಒಳ್ಳೆಯ ಕೆಲಸ ನಡೆದಿದೆ. ಯುಂಬೊ ಎಂಬ ಸೂಪರ್‌ಮಾರ್ಕೆಟ್ 2019ರಲ್ಲಿ ಫ್ಲೈಮೆನ್ ಎಂಬ ಊರಿನ ಅಂಗಡಿಯಲ್ಲಿ ಒಂದು ಕೌಂಟರ್ ಶುರು ಮಾಡಿತು. ಹೆಸರು ಕ್ಲೆಟ್ಸ್‌ಕಸ್ಸಾ. ಹರಟೆ ಕೌಂಟರ್ ಅಂತ ಹೇಳಬಹುದು. ಒಂಟಿಯಾಗಿರುವ ವಯಸ್ಸಾದವರು, ಅವಸರ ಇಲ್ಲದವರು ಆ ಸಾಲಿನಲ್ಲಿ ನಿಲ್ಲಬಹುದು. ಕ್ಯಾಷಿಯರ್ ಜೊತೆ ನಿಧಾನವಾಗಿ ಮಾತಾಡಬಹುದು, ಹಿಂದಿನವರು ಗೊಣಗುವುದಿಲ್ಲ. ಜನರಿಗೆ ಇಷ್ಟವಾಯಿತು. 2021ರಲ್ಲಿ ಅದನ್ನು 200 ಅಂಗಡಿಗಳಿಗೆ ವಿಸ್ತರಿಸುವುದಾಗಿ ಕಂಪನಿ ಹೇಳಿತು.

ನಮ್ಮ ಪಕ್ಕದ ದೇಶ ಜರ್ಮನಿಯಲ್ಲಿ ಉಲ್ಟಾ ಆಗಿತ್ತು. ಅಮೆರಿಕದ ವಾಲ್‌ಮಾರ್ಟ್ 1997ರಲ್ಲಿ ಅಲ್ಲಿಗೆ ಬಂತು. ಗಿರಾಕಿ ಹತ್ತು ಅಡಿ ಹತ್ತಿರ ಬಂದರೆ ಮುಖ ನೋಡಿ ಮಾತಾಡಿಸಬೇಕು ಎಂಬುದು ಆ ಕಂಪನಿಯ ಹಳೆಯ ನಿಯಮ. ಆ ಥರದ ನಗು, ಸ್ವಾಗತ ಜರ್ಮನಿಯ ಜನಕ್ಕೆ ಒಗ್ಗಲಿಲ್ಲ. 2006ರಲ್ಲಿ ಕಂಪನಿ ಅಂಗಡಿ ಮಾರಿ ಹೊರಟಿತು. ನಷ್ಟಕ್ಕೆ ಬೇರೆ ದೊಡ್ಡ ಕಾರಣಗಳೂ ಇದ್ದವು. ಆದರೂ ಒಂದು ಊರಿನ ಮರ್ಯಾದೆಯ ಮಾತನ್ನು ಇನ್ನೊಂದು ಊರಿಗೆ ಹಾಗೇ ತಂದರೆ ಕೂರುವುದಿಲ್ಲ. "ಹ್ಯಾಪಿ ಶಾಪಿಂಗ್" ಅನ್ನೋದಕ್ಕೆ ಕನ್ನಡದಲ್ಲಿ ಮಾತೇ ಇಲ್ಲ, ಅಲ್ವಾ? ನಮ್ಮಲ್ಲಿ ಯಾರೂ ಅದನ್ನು ಹೇಳುತ್ತಿರಲಿಲ್ಲ.

ವೈಟ್‌ಫೀಲ್ಡ್ ಸೊಸೆ

ನಮ್ಮ ಅತ್ತೆಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ನಮ್ಮ ಏರಿಯಾದ ಅಂಗಡಿಗಳಲ್ಲಿ ಆ ಬಾಯಿಪಾಠ ಕೂಡ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಅತ್ತೆ ಎಲ್ಲದಕ್ಕೂ ತಲೆ ಅಲ್ಲಾಡಿಸಿ ಬರುತ್ತಿದ್ದರು. ಒಂದು ಸಲ ಹಾಗೆ ತಲೆ ಅಲ್ಲಾಡಿಸಿ 999 ರೂಪಾಯಿಯ ಮೆಂಬರ್ ಕಾರ್ಡ್ ಮನೆಗೆ ತಂದಿದ್ದರು. ಎಷ್ಟು ನಾಚಿಕೆ ಪಟ್ಟರು ಅಂದರೆ, ಮೂರು ದಿನ ನಮಗೆ ಹೇಳಲೇ ಇಲ್ಲ.

ಆದರೆ ಈಗ ಅತ್ತೆಗೆ ಒಬ್ಬ ಹುಡುಗ ಸಿಕ್ಕಿದ್ದಾನೆ. ಅಸ್ಸಾಮಿನವನು. ಅವನಿಗೆ ಕನ್ನಡದಲ್ಲಿ ನಾಲ್ಕೈದು ಮಾತು ಬರುತ್ತದೆ, ಎಲ್ಲವೂ ಉರು ಹೊಡೆದದ್ದೇ. "ಬನ್ನಿ ಅಮ್ಮಾ. ಚೀಲ ಇದೆಯಾ ಅಮ್ಮಾ? ಊಟ ಆಯ್ತಾ ಅಮ್ಮಾ?" ಊಟ ಆಯ್ತಾ ಎಂದರೆ ನಮ್ಮ ಅತ್ತೆ ಹೂಂ ಎಂದು ಬಿಡುವವರಲ್ಲ. ಏನು ಸಾರು, ಯಾಕೆ ಉಪ್ಪು ಜಾಸ್ತಿ ಆಯಿತು, ಎಲ್ಲ ಹೇಳುತ್ತಾರೆ. ಅವನಿಗೆ ಅರ್ಧ ಅರ್ಥವಾಗುವುದಿಲ್ಲ. ಆದರೆ ಕೈ ನಿಲ್ಲಿಸಿ, ಅವರು ಮುಗಿಸುವವರೆಗೆ ಅವರನ್ನೇ ನೋಡುತ್ತಾನೆ. ಆಮೇಲೆ "ಸರಿ ಅಮ್ಮಾ" ಅಂದು ಬಿಲ್ ಕೊಡುತ್ತಾನೆ. ಬೇರೆ ಕೌಂಟರ್ ಖಾಲಿ ಇದ್ದರೂ ಅತ್ತೆ ಅವನ ಸಾಲಿನಲ್ಲೇ ನಿಲ್ಲುತ್ತಾರೆ.

ಊಟ ಆಯ್ತಾ ಎಂಬುದನ್ನು ನಾವೆಲ್ಲ ದಿನಕ್ಕೆ ಹತ್ತು ಸಲ ಯೋಚಿಸದೇ ಕೇಳುತ್ತೇವೆ. ಹಾಗಾಗಿ ಉರು ಹೊಡೆದ ಮಾತು ಅಂತ ನನಗೆ ಬೇಸರ ಇಲ್ಲ. ಉತ್ತರ ಬರುವವರೆಗೆ ನಿಂತರೆ ಸಾಕು.

ಕೌಂಟರ್ ನಾಲ್ಕು

ಅಕ್ಕ, ನೀವು ಹೇಳಿದ್ದು ಸರಿ. ಆದರೆ ಹಾಗೆ ನಿಲ್ಲಲು ಅವನಿಗೆ ಯಾರೋ ಬಿಟ್ಟಿದ್ದಾರೆ. ನಮ್ಮಲ್ಲಿ ಒಂದು ಬಿಲ್ಲಿಗೆ ಎಷ್ಟು ಸೆಕೆಂಡ್ ಆಯಿತು ಅಂತ ಕಂಪ್ಯೂಟರ್ ಲೆಕ್ಕ ಇಡುತ್ತಿತ್ತು. ವಾರದ ಕೊನೆಗೆ ಆ ಪಟ್ಟಿಯನ್ನು ಊಟದ ಕೋಣೆಯಲ್ಲಿ ಅಂಟಿಸುತ್ತಿದ್ದರು. ಆ ಹುಡುಗನ ಮ್ಯಾನೇಜರ್ ಒಳ್ಳೆಯವರು ಅನಿಸುತ್ತದೆ. ಸಾಧ್ಯವಾದರೆ ಅವರಿಗೆ ನಿಮ್ಮ ಅತ್ತೆಯ ಕೈಯಿಂದಲೇ ಒಂದು ಒಳ್ಳೆಯ ಮಾತು ಬರೆಸಿ ಕೊಡಿ. ನಮಗೆ ದೂರು ಮಾತ್ರ ಬರೆದು ಬರುತ್ತಿತ್ತು. ಮೆಚ್ಚುಗೆಯೆಲ್ಲ ಬಾಯಿ ಮಾತಿನಲ್ಲೇ ಮುಗಿಯುತ್ತಿತ್ತು.

ಮೈಸೂರಿನವಳು

ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ, ಜನ ಕಡಿಮೆ ಇರುವ ಹೊತ್ತು ನೋಡಿ, ಆ ಅಂಗಡಿಗೆ ಹೋದೆ. ಕೌಂಟರಿನಲ್ಲಿ ಅವಳು ಇರಲಿಲ್ಲ. ವಿಚಾರಿಸಿದೆ. ಮೇಲಿನ ಮಹಡಿಯಲ್ಲಿ ಮಕ್ಕಳ ಬಟ್ಟೆ ಮಡಚುವ ಕೆಲಸಕ್ಕೆ ಹಾಕಿದ್ದರು.

ಹತ್ತಿರ ಹೋದೆ. "ವೆಲ್‌ಕಂ ಮೇಡಂ, ಎಷ್ಟು ವರ್ಷದ ಮಗುಗೆ" ಎನ್ನುತ್ತಾ ತಿರುಗಿದಳು. ನನ್ನ ಗುರುತು ಸಿಕ್ಕಿತು, ಮಾತು ಅರ್ಧಕ್ಕೆ ನಿಂತಿತು. ನಾನೇ ಹೇಳಿದೆ: ಅವತ್ತು ಬರೆದದ್ದು ನಿನ್ನ ಮೇಲೆ ಅಲ್ಲಮ್ಮ, ಅದು ನಿನ್ನ ಹೆಸರಿಗೆ ಹೋಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಅವಳು ಸ್ವಲ್ಪ ಹೊತ್ತು ಬಟ್ಟೆ ಮಡಚುತ್ತಲೇ ಇದ್ದಳು. ಆಮೇಲೆ ಹೇಳಿದಳು: "ನಂಗೆ ಗೊತ್ತಾಗಿತ್ತು ಮೇಡಂ. ಅಂಕಲ್ ತಲೆ ನೋಡ್ದೆ. ಹತ್ತು ಜೊತೆ ಒಂದೇ ಥರದ ಪಂಚೆ ನೋಡ್ದೆ. ನಮ್ಮಪ್ಪ ಹೋದಾಗ್ಲೂ ನಾವು ಹಿಂಗೇ ತಗೊಂಡಿದ್ವಿ. ಮದ್ವೆ ದಿನ ಕೇಳ್ಬಾರ್ದು ಅನ್ಕೊಂಡೆ. ಹಿಂದೆ ಸೂಪರ್‌ವೈಸರ್ ನಿಂತಿದ್ರು. ಅದು ತುಂಬ್ದೆ ಬಿಲ್ ಮುಂದಕ್ಕೇ ಹೋಗಲ್ಲ ಮೇಡಂ."

ಮುಖ ನೋಡಲಿಲ್ಲ ಅಂತ ನಾನು ಬೈದಿದ್ದೆನಲ್ಲ, ಅವಳು ನೋಡಿದ್ದಳು.

ಮ್ಯಾನೇಜರ್ ಹತ್ತಿರ ಹೋದೆ. ಒಳ್ಳೆಯ ರೀತಿಯಲ್ಲೇ ಮಾತಾಡಿದರು. ಬಿಲ್ ಹಾಕುವ ಸಾಫ್ಟ್‌ವೇರ್ ಹೆಡ್ ಆಫೀಸಿನದು, ಇಲ್ಲಿ ಬದಲಾಯಿಸಲು ಆಗುವುದಿಲ್ಲ ಎಂದರು. ಇಮೇಲ್ ವಿಳಾಸ ಕೊಟ್ಟರು. ರಾತ್ರಿ ಕೂತು ಬರೆದೆ. ಹುಡುಗಿಯ ಹೆಸರು, ಬಿಲ್ ನಂಬರ್ ಎರಡೂ ಹಾಕಲಿಲ್ಲ. ಮೂರು ವಿಷಯ ಕೇಳಿದ್ದೇನೆ. ಹುಟ್ಟಿದ ದಿನ, ಮದುವೆ ದಿನ ತುಂಬದೆಯೂ ಬಿಲ್ ಮುಂದೆ ಹೋಗುವ ಹಾಗೆ ಮಾಡಿ. ಗಿರಾಕಿಯ ಸ್ಥಿತಿ ನೋಡಿ ಯಾವ ಮಾತನ್ನಾದರೂ ಬಿಡುವ ಅನುಮತಿಯನ್ನು ಕೌಂಟರಿನವರಿಗೆ ಕೊಡಿ, ಬಿಟ್ಟರೆ ಮಾರ್ಕ್ ಕಳೆಯಬೇಡಿ. ಕೂರಲು ಸ್ಟೂಲ್ ಕೊಡಿ. ಮೂರನೆಯದು ಕೌಂಟರ್ ನಾಲ್ಕರವರಿಂದ ಕಲಿತದ್ದು.

ಇನ್ನೂ ಉತ್ತರ ಬಂದಿಲ್ಲ.

ಕೌಂಟರ್ ನಾಲ್ಕು

ಮೇಡಂ, ನೀವು ಹೋಗಿ ಅವಳನ್ನು ಮಾತಾಡಿಸಿದ್ದು ಓದಿ ಕಣ್ಣು ತುಂಬಿತು. ನನ್ನ ಮೂರು ವರ್ಷದಲ್ಲಿ ಯಾರೂ ಹಾಗೆ ವಾಪಸ್ ಬಂದಿರಲಿಲ್ಲ. ಒಂದೇ ಪ್ರಶ್ನೆ. ಅವಳ ಇನ್ಸೆಂಟಿವ್ ಕಟ್ ಆಗಿತ್ತಾ? ವಾಪಸ್ ಕೊಡುತ್ತಾರಂತಾ?

ಮೈಸೂರಿನವಳು

ಕಟ್ ಆಗಿದೆ, 1,500 ರೂಪಾಯಿ. ಮ್ಯಾನೇಜರನ್ನು ಕೇಳಿದೆ. ನಾನು ಕೊಟ್ಟ ರೇಟಿಂಗನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಅಂತ ಬರೆದುಕೊಟ್ಟರೆ ಮುಂದಿನ ತಿಂಗಳ ಸಂಬಳದಲ್ಲಿ ಸೇರಿಸಲು ಪ್ರಯತ್ನ ಮಾಡುತ್ತೇನೆ ಎಂದರು. ಅಲ್ಲೇ ಕೂತು ಬರೆದುಕೊಟ್ಟು, ಸಹಿ ಹಾಕಿ, ಫೋಟೋ ತೆಗೆದಿಟ್ಟುಕೊಂಡಿದ್ದೇನೆ. ಮುಂದಿನ ತಿಂಗಳು ಏಳನೇ ತಾರೀಕು ಅವಳ ಸಂಬಳ. ಎಂಟಕ್ಕೆ ಹೋಗಿ ಕೇಳಿ ಬಂದು ಇಲ್ಲೇ ಬರೆಯುತ್ತೇನೆ.